ಪೇಟೆ ಬಾಗಿಲಿಗೆ ವೀಳ್ಯ ಕೊಟ್ಟ ಕಾಳಪ್ಪ

ಕಾಳಪ್ಪ ಮಣ್ಣು ಸೇರಿದ ಮೇಲೆ ಅವನ ಗೆಳೆಯ ಅಂದಾನಯ್ಯ ಚಾವಡಿಗೆ ಹೋಗುವುದನ್ನೇ ಕಡಿಮೆ ಮಾಡಿದ. ಹೋದಾಗಲೂ ಮಾತಿನ ನಡುವೆ ಪಕ್ಕಕ್ಕೆ ತಿರುಗಿ, "ನೀ ಏನಂತೀಯಲಾ?" ಎಂದುಬಿಡುತ್ತಿದ್ದ. ಪಕ್ಕದಲ್ಲಿ ಕಂಬ ಮಾತ್ರ ಇರುತ್ತಿತ್ತು. ಕೂತವರು ಕೇಳಿಸದವರಂತೆ ಎಲೆಯಡಿಕೆಯ ತಟ್ಟೆಗೆ ಕೈಹಾಕುತ್ತಿದ್ದರು.

ಕಾಳಪ್ಪ ಶ್ರೀರಂಗಪಟ್ಟಣದ ಗಂಜಾಂ ಪೇಟೆಯಲ್ಲಿ ಕುಲುಮೆ ಇಟ್ಟಿದ್ದ ಕಮ್ಮಾರ. ಪೇಟೆಯ ಬಾವಿ, ಬೇಲಿ, ಬಾಗಿಲು ಇಂಥವುಗಳ ಕೆಲಸವನ್ನು ಯಾರಿಗೆ ಕೊಡಬೇಕೆಂದು ಚಾವಡಿಯ ಯಜಮಾನರು ಕೂತು ತೀರ್ಮಾನಿಸುತ್ತಿದ್ದರು. ಅವರಲ್ಲಿ ಕೈಕಸುಬಿನವನು ಕಾಳಪ್ಪನೊಬ್ಬನೇ. ಉಳಿದವರು ಅಂದಾನಯ್ಯನಂತೆ ಬೆಲ್ಲ, ಎಣ್ಣೆ, ರಾಗಿ ಮಾರುವವರು. ಮರವನ್ನಾಗಲಿ ಕಬ್ಬಿಣವನ್ನಾಗಲಿ ತಟ್ಟಿ ನೋಡಿದರೂ ಅವರಿಗೆ ಏನೂ ತಿಳಿಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪೇಟೆಯ ಮೂಡಣ ಬಾಗಿಲು ಗೆದ್ದಲು ಹಿಡಿದು ಕುಸಿಯಿತು. ದೂರದಿಂದ ಬಡಗಿಗಳನ್ನು ಕರೆಸುತ್ತೇನೆಂದು ಒಬ್ಬ ಗುತ್ತಿಗೆದಾರ ಬಂದ. ಬರುವ ಮೊದಲೇ ಯಜಮಾನರ ಮನೆಮನೆಗೂ ಶಾಲು ಕಳಿಸಿದ್ದ. ಕಾಳಪ್ಪ ತನ್ನದನ್ನು ಮಡಿಕೆ ಬಿಚ್ಚದೆ ವಾಪಸು ಕಳಿಸಿದ. ಅಂದಾನಯ್ಯ ಒಮ್ಮೆ ಹೊದ್ದು ನೋಡಿ ಆಮೇಲೆ ಕಳಿಸಿದ.

"ಕಿರಂಗೂರಲ್ಲಿ, ಪಾಲಳ್ಳೀಲಿ ಉಳಿ ಇಡಿಯೋ ಕೈ ಇಲ್ವಾ?" ಎಂದು ಕಾಳಪ್ಪ ಚಾವಡಿಯಲ್ಲಿ ಕೇಳಿದ. "ನಮ್ ಬಾಗ್ಲ ನಮ್ಮೋರೇ ಮಾಡ್ಲಿ. ಕೆಟ್ರೆ ಬಯ್ಯಕ್ಕಾದ್ರೂ ಅತ್ರದಲ್ಲೇ ಸಿಕ್ತಾರೆ."

ಎಲ್ಲರೂ ನಕ್ಕರು, ಒಪ್ಪಿದರು. ಸುತ್ತಲಿನ ಬಡಗಿಗಳು ಎರಡೆರಡು ಹಲಗೆ ಬೆಸೆದು ತಂದರು. ಯಾರದೆಂದು ಗುರುತು ಹಾಕದೆ ಅವನ್ನು ಹೊಳೆಯ ನೀರಲ್ಲಿ ಮುಳುಗಿಸಿಟ್ಟು, ಯಾವುದರ ಬೆಸುಗೆ ಬಾಯಿ ಬಿಡುತ್ತದೆಂದು ನೋಡುವುದು ಹಳೆಯ ಪದ್ಧತಿ. ಕಾಳಪ್ಪನ ಅಳಿಯ, ಕಿರಂಗೂರಿನ ಪುಟ್ಟಸ್ವಾಮಿಯೂ ಹಲಗೆ ತಂದಿದ್ದನಾದ್ದರಿಂದ ಕಾಳಪ್ಪ ಆ ದಿನ ಹೊಳೆಯ ಕಡೆಗೆ ಹೋಗದೆ ಕುಲುಮೆಯಲ್ಲೇ ಉಳಿದ. ಯಜಮಾನರು ಕೂದಲೆಳೆಯಷ್ಟೂ ಬಿಡದ ಬೆಸುಗೆಯೊಂದನ್ನು ಎತ್ತಿಕೊಂಡು ಯಾರದೆಂದು ಕೇಳಿದರು. ಪುಟ್ಟಸ್ವಾಮಿ ಮುಂದೆ ಬಂದ.

ಕಾಳಪ್ಪನ ತೊಂದರೆ ಅಲ್ಲಿಂದ ಶುರುವಾಯಿತು. ಮುಗಿದ ಕೆಲಸವನ್ನು ನೋಡಿ ಒಪ್ಪುವವನೇ ಮೊದಲು ಕೆಲಸ ವಹಿಸಿ ವೀಳ್ಯ ಕೊಡಬೇಕು. ಕೊಟ್ಟವನ ಮನೆಯವರೂ ತೆಗೆದುಕೊಂಡವನ ಮನೆಯವರೂ ಕೆಲಸ ಒಪ್ಪಿಗೆಯಾಗುವ ತನಕ ಒಬ್ಬರ ಮನೆಯಲ್ಲೊಬ್ಬರು ಅನ್ನ ನೀರು ಮುಟ್ಟುವಂತಿಲ್ಲ. ನೋಡುವವನಿಗೆ ಅನ್ನದ ಋಣ ಬೀಳಬಾರದೆಂದು ಚಾವಡಿಯ ಕಟ್ಟಳೆ ಅದು. ಕಾಳಪ್ಪನ ಒಬ್ಬಳೇ ಮಗಳು ಚೆಲುವಮ್ಮ ತುಂಬಿದ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು.

"ವೀಳ್ಯ ನಾನು ಕೊಡ್ತೀನಿ ಬುಡ್ಲಾ," ಎಂದ ಅಂದಾನಯ್ಯ.

"ಕೊಡು. ಬಾಗ್ಲು ನೋಡೋನು ಯಾರು? ನೀನಾ? ತೇಗ ಯಾವ್ದು, ಮಾವು ಯಾವ್ದು ಯೋಳು ನೋಡವಾ."

ಅಂದಾನಯ್ಯ ಎಲೆಯಡಿಕೆಯ ತಟ್ಟೆಗೆ ಕೈಹಾಕಿದ. ಮನೆಯಲ್ಲಿ ಕಾಳಪ್ಪನ ಹೆಂಡತಿ ದೊಡ್ಡತಾಯಮ್ಮ ಅಷ್ಟು ಸುಲಭವಾಗಿ ಬಿಡಲಿಲ್ಲ.

"ನಿಮ್ ಬಾಗ್ಲು ಬಂದು ನನ್ ಮಗಳ ಬಾಣಂತನ ಮಾಡ್ತದಾ?" ಎಂದು ಕೇಳಿದಳು. ಕಾಳಪ್ಪ ತಿದಿ ಒತ್ತುತ್ತ ಕೂತ. ಬೆಂಕಿಯಲ್ಲಿ ಕಾಯಿಸಲು ಏನೂ ಇರಲಿಲ್ಲ.

ಕೊನೆಗೆ ಈ ಗಂಟು ಬಿಡಿಸಿದವಳು ಚೆಲುವಮ್ಮ. ಅಂದಾನಯ್ಯನನ್ನು ಜೊತೆಗೆ ಕರೆದುಕೊಂಡು ಕಾಳಪ್ಪ ಹರಿಗೋಲಲ್ಲಿ ಹೊಳೆ ದಾಟಿ ಕಿರಂಗೂರಿಗೆ ಹೋದಾಗ ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಅಪ್ಪಯ್ಯ, ಅವ್ರು ನೀರಿಗೆ ಬುಟ್ಟ ಅಲ್ಗೆ ಗೆದ್ದದೆ. ನಿನ್ ಮಗಳ ಗಂಡ ಅಂತ ಕೆಲ್ಸ ಕೊಟ್ರೂ ತಪ್ಪು, ನಿನ್ ಮಗಳ ಗಂಡ ಅಂತ ಕಿತ್ಕಂಡ್ರೂ ತಪ್ಪೇ. ವೀಳ್ಯ ಕೊಟ್ಬುಡು. ನಾನು ಇಲ್ಲೇ ಎರ್ತೀನಿ."

ಕಾಳಪ್ಪ ಅವಳ ಊದಿದ ಪಾದಗಳನ್ನು ನೋಡುತ್ತ ನಿಂತ. ಆಮೇಲೆ ಬಗ್ಗಿ ಎರಡನ್ನೂ ಮೆಲ್ಲಗೆ ಒತ್ತಿದ. ಇಕ್ಕಳ ಹಿಡಿದು ಒರಟಾದ ಕೈ. ಅವಳು ಕಚಗುಳಿಗೆ ನಕ್ಕಳು.

ವೀಳ್ಯ ಕೊಟ್ಟದ್ದಾಯಿತು. ಹೊಳೆ ತುಂಬಿ ಹರಿಯುವ ಹೊತ್ತಿಗೆ ದೊಡ್ಡತಾಯಮ್ಮ ರಾಗಿಹಿಟ್ಟು, ಮಡಕೆ, ನೀರಿನ ಬಿಂದಿಗೆ ಎಲ್ಲ ಹೊರಿಸಿಕೊಂಡು ಮಗಳ ಊರಿಗೆ ಹೊರಟಳು. ಬಾಣಂತನವನ್ನು ಮಗಳ ಮನೆಯೊಳಗೆ ಮಾಡುವುದು; ತನ್ನ ಮುದ್ದೆಯನ್ನು ಪಕ್ಕದ ಮನೆಯ ಮುತ್ತಮ್ಮನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಂಡು ತಿನ್ನುವುದು. "ನನ್ ಗಂಡ ಪೇಟೆಗೇ ಯಜಮಾನ್ರು ಕಣವ್ವ, ಅದ್ಕೇ ನಂಗೆ ಈ ಭಾಗ್ಯ," ಎಂದು ಹೊಗೆಗೆ ಕಣ್ಣುಜ್ಜುತ್ತ ಮುತ್ತಮ್ಮನಿಗೆ ಹೇಳುತ್ತಿದ್ದಳಂತೆ. ಚೆಲುವಮ್ಮ ಗಂಡುಮಗು ಹೆತ್ತಳು.

ನಾಮಕರಣಕ್ಕೆ ಮುಂಚೆ ಬಾಗಿಲು ನಿಲ್ಲಿಸಬೇಕೆಂದು ಪುಟ್ಟಸ್ವಾಮಿ ಹಗಲೆಲ್ಲ ದುಡಿದ. ಮಾವ ಮೊಮ್ಮಗನ ಹೆಸರಿನ ಊಟಕ್ಕೆ ಎಲೆಯ ಮುಂದೆ ಕೂರಬೇಕೆಂಬುದು ಅವನ ಆಸೆ. ಬಾಗಿಲು ನಿಂತ ದಿನ ಪೇಟೆಯವರೆಲ್ಲ ಸೇರಿದರು. ಒಂದು ಕದ ಹಗುರವಾಗಿ ತಿರುಗಿತು. ಇನ್ನೊಂದು ಕೊನೆಯಲ್ಲಿ ಹೊಸ್ತಿಲ ಕಲ್ಲನ್ನು ತುಸುವೇ ಸವರಿಕೊಂಡು ನಿಂತಿತು.

"ಮಳೆಗಾಲ, ಮರ ಉಬ್ಬಿದೆ. ಒಣಗಿದ ಮೇಲೆ ಸರಿಹೋಗ್ತದೆ," ಎಂದ ಅಂದಾನಯ್ಯ. ಉಳಿದವರೂ ಅದನ್ನೇ ಹೇಳಿದರು. ಕಾಳಪ್ಪನ ಬಾಯಲ್ಲಿ ಒಪ್ಪಿದೆ ಎಂಬ ಒಂದು ಮಾತು ಬಂದರೆ ಸಾಕಾಗಿತ್ತು. ಅವನು ಮಂಡಿಯೂರಿ ಕೂತು, ಕದ ತಿರುಗುವ ಗುಳಿಗೆ ಬೆರಳಿಟ್ಟು, ಬಹಳ ಹೊತ್ತು ಏಳಲಿಲ್ಲ.

"ಮರ ಉಬ್ಬಿಲ್ಲ. ಗುಳಿ ವಾರೆಯಾಗ್ಬುಟ್ಟದೆ. ಇಳಿಸ್ಬೇಕು ಪುಟ್ಟಸ್ವಾಮಿ."

"ಮಾವ, ನಾಡಿದ್ದು ಹೆಸರಿಡೋದು," ಎಂದ ಅಳಿಯ, ತಗ್ಗಿದ ದನಿಯಲ್ಲಿ.

"ಗೊತ್ತು ಕಣಪ್ಪ."

ಪುಟ್ಟಸ್ವಾಮಿ ಉಳಿಯನ್ನು ಚೀಲಕ್ಕೆ ಎಸೆದು ಹೊರಟುಹೋದ. ಅಂದಾನಯ್ಯನಿಗೂ ಸಿಟ್ಟು ಬಂದಿತ್ತು. "ನಿಂಗೆ ಮೊಮ್ಮಗನಿಗಿಂತ ಕಲ್ಲಿನ ತೂತು ಎಚ್ಚಾಯ್ತಾ?" ಎಂದು ಎಲ್ಲರೆದುರಿಗೇ ಕೇಳಿದ. ಕಾಳಪ್ಪ ಎದ್ದು ಪಂಚೆಯ ಮಣ್ಣು ಕೊಡವಿಕೊಂಡ.

ನಾಮಕರಣದ ದಿನ ಕಾಳಪ್ಪ ಮುತ್ತಮ್ಮನ ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಮಗಳ ಮನೆಯೊಳಗೆ ಒಬ್ಬಟ್ಟು ಬೇಯುವ ವಾಸನೆ, ಹೆಂಗಸರ ನಗು. ಚೆಲುವಮ್ಮ ಮಗುವನ್ನು ಸೆರಗಲ್ಲಿ ಸುತ್ತಿಕೊಂಡು, ಬಾಣಂತಿ ಹೊಸ್ತಿಲು ದಾಟಬಾರದೆಂದು ಯಾರೋ ಗದರುತ್ತಿದ್ದಂತೆಯೇ ಹೊರಗೆ ಬಂದು, ಅದನ್ನು ತಂದೆಯ ಮಡಿಲಲ್ಲಿಟ್ಟಳು.

"ತಿನ್ಬಾರ್ದು ಅಂತ ತಾನೆ ಕಟ್ಟಳೆ? ಎತ್ಕಬಾರ್ದು ಅಂತ ಯಾವ ಯಜಮಾನ್ನೂ ಯೋಳಿಲ್ಲ."

ಹೆಸರನ್ನು ಮಗುವಿನ ಕಿವಿಯಲ್ಲಿ ಕಾಳಪ್ಪ ಆ ಜಗಲಿಯ ಮೇಲೇ ಹೇಳಿದ. ಬಾಗಿಲಲ್ಲಿ ನಿಂತಿದ್ದ ಪುಟ್ಟಸ್ವಾಮಿ ಅದನ್ನು ನೋಡಿದ. ಮಾರನೆಯ ದಿನ ಬೆಳಗ್ಗೆ ಹರಿಗೋಲಿಗೆ ಎಲ್ಲರಿಗಿಂತ ಮುಂಚೆ ಬಂದವನು ಅವನು.

ಕದ ಇಳಿಸಿ, ಗುಳಿಯನ್ನು ಹೊಸದಾಗಿ ಕಡೆದು, ಮತ್ತೆ ಏರಿಸಿದರು. ಈ ಸಲ ಕಾಳಪ್ಪ ಒಂದೇ ಬೆರಳಲ್ಲಿ ನೂಕಿದ. ಅಷ್ಟು ದೊಡ್ಡ ಕದ ಸದ್ದಿಲ್ಲದೆ ಹೋಗಿ ಜೊತೆಯ ಕದವನ್ನು ಕೂಡಿತು. "ಒಪ್ಪಿದೆ," ಎಂದವನು ಮನೆಗೂ ಹೋಗದೆ, ಅಳಿಯನ ಹೆಗಲ ಮೇಲೆ ಕೈಹಾಕಿಕೊಂಡು ಹೊಳೆಯ ಕಡೆಗೆ ನಡೆದ. ಅಂದಾನಯ್ಯನೂ ಹಿಂದೆಯೇ ಹೋದ. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಚೆಲುವಮ್ಮ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಕಾಳಪ್ಪ ಮೊದಲ ತುತ್ತು ನುಂಗುವವರೆಗೆ ಮನೆಯವರೆಲ್ಲ ನಿಂತೇ ಇದ್ದರು.

"ಉಪ್ಪು ಸರಿಯಾಗಿ ಅದಾ ಅಪ್ಪಯ್ಯ?" ಎಂದು ಅವಳು ಕೇಳಿದಳು.

ಕಾಳಪ್ಪನ ಕಣ್ಣಲ್ಲಿ ನೀರು ತುಂಬಿತ್ತು. ಇನ್ನೊಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ರುಚಿ ನೋಡಿದ.

"ಒಸಿ ಕಮ್ಮಿ ಕಣವ್ವ," ಎಂದ.

ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. ಚೆಲುವಮ್ಮ ನಗುತ್ತ ಉಪ್ಪು ತರಲು ಒಳಗೆ ಹೋದಳು.