ತುಕ್ಕುಹಾವಿಗೆ ರಫು ಹಾಕಿದವಳು

ನನ್ನ ನಾದಿನಿ ನನ್ನನ್ನು ಕೊಂದಳು. ಕೈತಪ್ಪಿ ಅಲ್ಲ, ಬೇಕಂತಲೇ. ಎರಡು ವರ್ಷವಾಯಿತು, ಆ ಸಿಟ್ಟು ಇನ್ನೂ ಇಳಿದಿಲ್ಲ. ವಿಡಿಯೋ ಗೇಮಿನಲ್ಲಿ ಕೊಂದದ್ದು, ಒಪ್ಪುತ್ತೇನೆ. ಆದರೆ ಕೊನೆಯಲ್ಲಿ ಮೂರು ಜನ ಬಂಗಾರದ ಬೆಳಕಿನಲ್ಲಿ ಕೈ ಎತ್ತಿ ನಿಂತಿದ್ದರು, ನಾಲ್ಕನೆಯವನ ಮುಖ ಬೂದಿ ಬಣ್ಣಕ್ಕೆ ತಿರುಗಿ ಪರದೆಯ ಮೂಲೆಯಲ್ಲಿ ಬಿದ್ದಿತ್ತು. ಆ ನಾಲ್ಕನೆಯವನು ನಾನು. ಹನ್ನೆರಡು ಭಾನುವಾರ ಹೊಡೆದಾಡಿದವನು ನಾನು, ಬೆಳಕು ಅವರಿಗೆ.

ಹಾಗಂತ ಬೈಯುವುದಕ್ಕೆ ಬರೆಯುತ್ತಿಲ್ಲ. ನಡುವೆ ಒಂದೆರಡು ಬೈಗುಳ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಏಳನೇ ಕ್ಲಾಸಿಗೆ ಪುಸ್ತಕ ಬಿಟ್ಟು ವೆಲ್ಡಿಂಗ್ ರಾಡು ಹಿಡಿದವನು, ಮೂಗಿನ ತುದಿಯಲ್ಲೇ ಸಿಟ್ಟು. ಗೇಟು, ಕಿಟಕಿ ಗ್ರಿಲ್ಲು, ಅಂಗಡಿಗಳ ಶಟರು, ಇವೇ ನನ್ನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದೇ.

ನಾದಿನಿ ಅಂದರೆ ನನ್ನ ಹೆಂಡತಿಯ ತಂಗಿ. ಅವಳದು ರಫು ಕೆಲಸ. ಬಟ್ಟೆ ಹರಿದರೆ ತೇಪೆ ಹಾಕುವುದಲ್ಲ ರಫು. ಅದೇ ಬಟ್ಟೆಯ ಅಂಚಿನಿಂದ ಎಳೆ ತೆಗೆದು, ಹರಿದ ಕಡೆ ಅಡ್ಡ ಉದ್ದ ನೇಯ್ದು, ಅಲ್ಲಿ ತೂತೇ ಇರಲಿಲ್ಲ ಅನ್ನಿಸುವುದು. ಮೊದಲು ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಗೆ ಚೀಟಿ ಕಟ್ಟುತ್ತಿದ್ದಳು. ಅಲ್ಲಿದ್ದ ಮುದುಕನೊಬ್ಬ ಕಲಿಸಿದನಂತೆ. ಈಗ ಅವರ ಮನೆಯ ಮೆಟ್ಟಿಲ ಕೆಳಗೇ ಅಂಗಡಿ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಒಂದು ಸ್ಟೂಲು, ಕುತ್ತಿಗೆ ಬಗ್ಗಿಸುವ ದೀಪ, ಹಣೆಗೆ ಕಟ್ಟುವ ಭೂತಗನ್ನಡಿ. ಯಾರು ಬಟ್ಟೆ ಕೊಟ್ಟರೂ ಅವಳು ಮೊದಲು ಒಳಮಗ್ಗುಲು ಹೊರಗೆ ತಿರುಗಿಸುತ್ತಾಳೆ. ಹೇಗೆ ಹರಿಯಿತು ಅಂತ ಕೇಳುವುದಿಲ್ಲ. ಕೇಳದೇ ಇದ್ದದ್ದಕ್ಕೇ ಜನ ಎಲ್ಲ ಹೇಳಿಕೊಂಡು ಹೋಗುತ್ತಾರೆ.

ಅವಳ ಗಂಡ ನನ್ನ ಷಡ್ಡಕ. ಆಳು ಬಾಗಿಲಷ್ಟು ಅಗಲ, ಬ್ಯಾಂಕಿನ ಬಾಗಿಲಲ್ಲಿ ಕಾವಲು. ನಾವು ಕರೆಯುವುದೇ ‘ಗೋಡೆ’ ಅಂತ. ಅವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಹೊತ್ತು ಹೋಗುವುದಿಲ್ಲ ಅಂತ ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ತರಿಸಿಕೊಂಡ. ನೋಡಲು ಹೋದ ನಾನೂ ನನ್ನಾಕೆಯೂ ಒಂದೊಂದು ಕಂಟ್ರೋಲರ್ ಹಿಡಿದು ಕೂತೆವು. ಅವನ ಕಾಲು ಕೂಡಿಕೊಂಡಿತು, ನಾವು ಮಾತ್ರ ಏಳಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅವರ ಹಜಾರದಲ್ಲಿ ನಾಲ್ಕು ಜನ, ಒಂದು ಟಿವಿ, ಅದರೊಳಗೆ ಒಂದು ಹಾಳು ಕೋಟೆ.

ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲು ನಿನ್ನದೊಂದು ಪಾತ್ರ ಕಟ್ಟಬೇಕು. ಒಂದೊಂದು ಲೆವೆಲ್ ಏರಿದಾಗ ಎರಡು ಪಾಯಿಂಟ್ ಕೊಡುತ್ತಾರೆ. ಅದನ್ನು ಬಲಕ್ಕೆ ಹಾಕುತ್ತೀಯೋ, ತಾಳಿಕೆಗೋ, ಗುರಿಗೋ, ಮಂತ್ರಕ್ಕೋ, ಕೈಗೆಲಸಕ್ಕೋ ಅದು ನಿನ್ನಿಷ್ಟ. ಹಾಕಿದ ಮೇಲೆ ವಾಪಸ್ ಇಲ್ಲ. ಮನುಷ್ಯ ಎಂಥವನು ಅಂತ ತಿಳಿಯಲು ಜಾತಕ ಬೇಡ, ಆ ಪಾಯಿಂಟ್ ಎಲ್ಲಿ ಹಾಕಿದ ಅಂತ ನೋಡಿದರೆ ಸಾಕು. ನಾನು ಕಣ್ಣು ಮುಚ್ಚಿ ಎಲ್ಲವನ್ನೂ ಬಲಕ್ಕೆ ಸುರಿದೆ. ಎರಡು ಕೈಯಲ್ಲಿ ಹಿಡಿಯುವ ಕತ್ತಿ, ಎದೆಗೆ ಕವಚ ಇಲ್ಲ, ಕಂಡದ್ದರ ಮೇಲೆ ಬೀಳುವುದು. ಆ ಕತ್ತಿ ಬೀಸಿದಾಗ ಕಂಟ್ರೋಲರ್ ಅಂಗೈಯಲ್ಲಿ ಗುಂಯ್ ಅನ್ನುತ್ತದೆ, ಆ ಸುಖ ನನ್ನ ಗ್ರೈಂಡರೂ ಕೊಟ್ಟಿಲ್ಲ. ಗೋಡೆ ಎಲ್ಲವನ್ನೂ ತಾಳಿಕೆಗೆ ಹಾಕಿ ದೊಡ್ಡ ಗುರಾಣಿ ಹಿಡಿದ. ವಾರವಿಡೀ ಬಾಗಿಲಲ್ಲಿ ನಿಂತವನು ಭಾನುವಾರವೂ ನಿಂತ. ನನ್ನಾಕೆ ಬಿಲ್ಲು ತೆಗೆದುಕೊಂಡಳು. ದೂರದಲ್ಲಿ ಕೂತು ಗುರಿ ತಪ್ಪದಂತೆ ಚುಚ್ಚುವುದು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ, ಇಪ್ಪತ್ತು ವರ್ಷದಿಂದ ನಾನೇ ಗುರಿಹಲಗೆ.

ನಾದಿನಿ? ಒಂದೂ ಬಿಡದೆ ಕೈಗೆಲಸಕ್ಕೆ. ಅಂದರೆ ದುರಸ್ತಿ. ದಾರಿಯಲ್ಲಿ ಬಿದ್ದ ಮುರಿದ ಬಾಣ, ಹರಿದ ತೊಗಲು, ತಂತಿ, ಮೊಳೆ ಎಲ್ಲ ಆರಿಸಿ ಚೀಲಕ್ಕೆ ಹಾಕುವಳು. ಚೀಲ ಭಾರವಾಗಿ ಆಮೆಯ ಹಾಗೆ ನಡೆಯುವಳು. ನಾನು ಮುಂದೆ ರಾಕ್ಷಸರ ನಡುವೆ ಸಿಕ್ಕಿ ಒದ್ದಾಡುತ್ತಿದ್ದರೆ ಇವಳು ಹಿಂದೆ ಗುಜರಿ ಆರಿಸುತ್ತಿದ್ದಳು.

“ಏ ತಾಯಿ, ವಾರವೆಲ್ಲ ರಿಪೇರಿ ಮಾಡ್ತೀಯ. ಇಲ್ಲಾದ್ರೂ ಒಂದು ಕತ್ತಿ ಹಿಡಿಬಾರ್ದಾ?”

“ನೀವು ವಾರವೆಲ್ಲ ಕಬ್ಬಿಣಕ್ಕೆ ಬಡೀತೀರ ಭಾವ. ಇಲ್ಲೂ ಬಡೀತಾನೇ ಇದೀರಲ್ಲ.”

ಗೋಡೆ ನಕ್ಕ. ಅವನು ನಕ್ಕರೆ ಸೋಫಾ ಅಲುಗುತ್ತದೆ.

ಹೀಗೆ ಏಳು ತಿಂಗಳು. ಕೋಟೆಯ ಕೊನೆಯ ಅಂಗಳಕ್ಕೆ ಬಂದೆವು. ಅಲ್ಲಿತ್ತು ತುಕ್ಕುಹಾವು. ನಾಲ್ಕು ಲಾರಿ ಸಾಲಾಗಿ ನಿಲ್ಲಿಸಿದಷ್ಟು ಉದ್ದ. ಅದು ಉಗುಳಿದ್ದು ತಾಗಿದರೆ ಕಬ್ಬಿಣ ತುಕ್ಕು ಹಿಡಿದು ಪುಡಿಯಾಗುತ್ತದೆ. ತುಕ್ಕು ಅಂದರೆ ನನಗೆ ಹುಟ್ಟು ವೈರ. ಮೊದಲ ಭಾನುವಾರ ಸೋತೆವು. ಎರಡನೆಯದೂ ಸೋತೆವು. ಹನ್ನೊಂದು ಭಾನುವಾರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಹನ್ನೊಂದನೆಯ ದಿನ ನನಗೆ ತಡೆಯಲಾಗಲಿಲ್ಲ. “ನಾಲ್ಕು ಜನರಲ್ಲಿ ಹೊಡೆಯೋರು ಇಬ್ಬರು. ಒಬ್ಬ ನಿಂತಿರ್ತಾನೆ, ಒಬ್ಬಳು ಹೊಲೀತಿರ್ತಾಳೆ. ಗೆಲ್ಲೋದು ಎಲ್ಲಿಂದ? ಈ ಹರಕು ಪಾತ್ರ ಅಳಿಸಿ ಹಾಕಿ ಹೊಸದಾಗಿ ಕತ್ತಿಯವಳನ್ನ ಕಟ್ಟು.”

“ರೀ, ಬಾಯಿಗೆ ಬಂದ ಹಾಗೆ ಮಾತಾಡಬೇಡಿ,” ಅಂದಳು ನನ್ನಾಕೆ.

ನಾದಿನಿ ಕಂಟ್ರೋಲರ್ ಕೆಳಗಿಟ್ಟಳು. ಅವಳಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇನ್ನೂ ಇಳಿಯುತ್ತದೆ. “ಮುಂದಿನ ಭಾನುವಾರ ಒಂದೇ ಸಲ ಆಡೋಣ. ಸೋತರೆ ಅಳಿಸ್ತೀನಿ. ಹತ್ತು ತಿಂಗಳು ಸಾಕಿದವಳನ್ನ ನನ್ನ ಕೈಯಾರೆ ಅಳಿಸ್ತೀನಿ. ಗೆದ್ದರೆ?”

“ಗೆದ್ದರೆ ನೀನು ಹೇಳಿದ್ದು.”

“ಗೆದ್ದರೆ ಮುಂದಿನ ಆಟ ಮೊದಲಿಂದ ಕೊನೇವರೆಗೂ ನೀವು ದುರಸ್ತಿಯವರು. ಚೀಲ ಹೊತ್ಕೊಂಡು ನನ್ನ ಹಿಂದೆ ಬರಬೇಕು. ಕತ್ತಿ ನನ್ನ ಕೈಲಿ.”

“ಆಯ್ತು ಹೋಗು,” ಅಂದೆ. ಗೋಡೆ ಸಾಕ್ಷಿ.

ನಾದಿನಿಗೆ ಆ ಪಾತ್ರದ ಮೇಲೆ ಎಂಥ ಅಕ್ಕರೆ ಅಂತ ನನ್ನಾಕೆಗೆ ಗೊತ್ತಿತ್ತು. ಅದಕ್ಕೆ ಹಾಕಿದ ಹಸಿರು ಅಂಗಿಯ ಬಣ್ಣಕ್ಕೆ ಹೊಂದುವ ನೂಲೊಂದನ್ನು ತಂಗಿ ಅಂಗಡಿಯ ಡ್ರಾಯರಿನಲ್ಲಿ ಎತ್ತಿಟ್ಟುಕೊಂಡಿದ್ದಳು. ಸುಮ್ಮನೆ, ಯಾವ ಗಿರಾಕಿಗೂ ಅಲ್ಲ. ನನಗೆ ಇದೆಲ್ಲ ಆಮೇಲೆ ತಿಳಿಯಿತು.

ಭಾನುವಾರ ಬಂತು. ಟೀ ಕಪ್ಪುಗಳನ್ನು ಯಾರೂ ಮುಟ್ಟಲಿಲ್ಲ. ಅಂಗಳಕ್ಕೆ ಇಳಿದೆವು, ಹಾವು ಎದ್ದಿತು. ಅಬ್ಬ, ಆ ದಿನ ನಾನು ಆಡಿದ ಆಟ ನೀವು ನೋಡಬೇಕಿತ್ತು. ಎಡಕ್ಕೆ ಉರುಳಿ ಎದ್ದು ಒಂದು ಏಟು, ಬಾಲದ ಕೆಳಗೆ ನುಗ್ಗಿ ಎರಡು ಏಟು. ನನ್ನಾಕೆಯ ಮೊದಲ ಬಾಣವೇ ಅದರ ಒಂದು ಕಣ್ಣಿಗೆ. ಗೋಡೆಯ ಗುರಾಣಿ ಕರಗುತ್ತಿದ್ದ ಹಾಗೇ ನಾದಿನಿ ಹಿಂದಿನಿಂದ ಸರಿಮಾಡುತ್ತಿದ್ದಳು, ಕರಗುವುದೂ ಕೂಡುವುದೂ ಒಟ್ಟಿಗೆ. ಹಾವಿನ ಜೀವ ಅರ್ಧಕ್ಕೆ ಇಳಿಯಿತು. ಅಷ್ಟು ಕೆಳಗೆ ನಾವು ಎಂದೂ ಇಳಿಸಿರಲಿಲ್ಲ. ನಾನು ಸೋಫಾ ಬಿಟ್ಟು ನೆಲಕ್ಕೆ ಇಳಿದು ಮಂಡಿಯೂರಿ ಕೂತಿದ್ದೆ, ನನಗೇ ಗೊತ್ತಿಲ್ಲ.

“ಭಾವ, ಕತ್ತಿ ತುಕ್ಕು ಹಿಡಿದು ಕೆಂಪಗಾಗಿದೆ. ಒಂದು ಗಳಿಗೆ ನನ್ನ ಹತ್ರ ಬನ್ನಿ, ಸರಿಮಾಡ್ತೀನಿ.”

ಕಬ್ಬಿಣದ ಮಾತು ಸೂಜಿಯವಳಿಂದ ಕೇಳುವುದಾ? “ಇಪ್ಪತ್ತಾರು ವರ್ಷದಿಂದ ಕಬ್ಬಿಣ ನೋಡಿದೀನಿ. ಇನ್ನೂ ಹತ್ತು ಏಟು ತಡೆಯುತ್ತೆ. ನೀನು ನಿನ್ನ ಗಂಡನ್ನ ನೋಡ್ಕೋ.”

ಮೂರನೆಯ ಏಟಿಗೆ ಕತ್ತಿ ಮುರಿಯಿತು.

ಬರಿಗೈ. ಹಾವು ನನ್ನ ಕಡೆ ತಿರುಗಿತು. ಅಂಗಳದ ಕೊನೆಯಲ್ಲಿ ಒಂದು ಕಲ್ಲಿನ ಕಮಾನು ಇದೆ, ಅದರೊಳಗೆ ಓಡಿದೆ. “ಈಗ ಮಾಡು, ಈಗ ಮಾಡೇ,” ಅಂತ ಕೂಗಿದೆ.

“ತಂತಿ ಒಂದೇ ಕಟ್ಟು ಉಳಿದಿದೆ ಭಾವ.”

“ಒಂದು ಸಾಕು.”

“ಹಾಗಾದ್ರೆ ಅಲ್ಲೇ ನಿಂತಿರಿ. ಒಂದು ಹೆಜ್ಜೆ ಅಲ್ಲಾಡಬೇಡಿ. ಬಂದೆ.”

ನಿಂತೆ. ಜೀವಮಾನದಲ್ಲಿ ಅಪರೂಪಕ್ಕೆ ಇನ್ನೊಬ್ಬರ ಮಾತು ಕೇಳಿ ನಿಂತೆ. ಆಮೆಯ ಹಾಗೆ ನಡೆಯುತ್ತಾ ಅವಳ ಹಸಿರು ಅಂಗಿ ಹತ್ತಿರ ಬಂತು, ಇನ್ನೂ ಬಂತು, ನನ್ನನ್ನು ದಾಟಿ ಕಮಾನಿನ ಪಕ್ಕದ ಕಲ್ಲಿನ ಬುಡಕ್ಕೆ ಹೋಯಿತು. ಎಲ್ಲಿಗೆ ಹೋಗ್ತಿದ್ದಾಳೆ ಇವಳು? ಅಲ್ಲಿ ಕೂತಳು. ಸುತ್ತಿಗೆಯ ಸದ್ದು, ಟಕ್ ಟಕ್. ಹಾವು ಬಾಯಿ ತೆರೆದು ಕಮಾನಿನೊಳಗೆ ತಲೆ ತೂರಿಸಿತು. ನನ್ನನ್ನು ಕಚ್ಚಿತು. ನನ್ನ ಭಾಗದ ಪರದೆ ಕಪ್ಪಾಯಿತು.

ಆಗ ಮೇಲಿನಿಂದ ಏನೋ ಬಿತ್ತು. ಆ ಸದ್ದಿಗೆ ಕಂಟ್ರೋಲರ್ ನಾಲ್ಕೂ ಒಟ್ಟಿಗೆ ನಡುಗಿದವು.

ಗೇಟು. ಆ ಕಮಾನಿನ ಮೇಲೆ ಹಿಂದಿನಿಂದಲೂ ಒಂದು ಕಬ್ಬಿಣದ ಗೇಟು ಓರೆಯಾಗಿ ಸಿಕ್ಕಿಕೊಂಡಿತ್ತು. ಉರುಳೆ ಮುರಿದು, ಜಾರುವ ಜಾಡು ತಪ್ಪಿ ನಿಂತ ಗೇಟು. ಮೇಲಿಂದ ಕೆಳಗೆ ಇಳಿಯುವಂಥದ್ದು. ಹನ್ನೆರಡು ಭಾನುವಾರ ಅದರ ಕೆಳಗೆ ನಾನು ಓಡಾಡಿದ್ದೇನೆ. ಅವಳು ಕೊನೆಯ ಕಟ್ಟು ತಂತಿಯಲ್ಲಿ ಆ ಉರುಳೆ ಸರಿಮಾಡಿದಳು, ಗೇಟು ನೇರವಾಗಿ ಜಾರಿ ಹಾವಿನ ಕುತ್ತಿಗೆಯ ಮೇಲೆ ಕೂತಿತು. ಅರ್ಧ ಉಳಿದಿದ್ದ ಜೀವ ಒಂದೇ ಸಲಕ್ಕೆ ಸೊನ್ನೆ.

ಗೋಡೆ ಎದ್ದು ನಿಂತು ಕುಣಿದ, ಕಾಲು ಮುರಿದಿದ್ದವನು. ಅಕ್ಕತಂಗಿಯರು ತಬ್ಬಿಕೊಂಡು ನಕ್ಕರು, ಅತ್ತರು. ನಾನೂ ಕೂಗಿದೆ, ಸುಳ್ಳು ಹೇಳುವುದಿಲ್ಲ, ಗಂಟಲು ಕಟ್ಟುವಷ್ಟು ಕೂಗಿದೆ. ಬಂಗಾರದ ಬೆಳಕು ಬಂದು ನನ್ನ ಬೂದಿ ಮುಖ ಕಂಡ ಮೇಲೆ ಕೂಗು ಬೈಗುಳಕ್ಕೆ ತಿರುಗಿತು.

“ನನ್ನನ್ನ ಎರೆ ಮಾಡಿ ನಿಲ್ಲಿಸಿದೆಯಲ್ಲೇ. ಹೇಳಿದ್ರೆ ನಾನು ಪಕ್ಕಕ್ಕೆ ಹಾರ್ತಿದ್ದೆ.”

“ನೀವು ಹಾರಿದ್ರೆ ಹಾವೂ ನಿಮ್ಮ ಹಿಂದೆ ಬರ್ತಿತ್ತು ಭಾವ.”

“ಅಲ್ವೇ, ಆ ಗೇಟು ನಿನಗೆ ಕಂಡದ್ದು ಯಾವಾಗ?”

“ಎರಡನೇ ಭಾನುವಾರ. ಹರಿದದ್ದು, ಮುರಿದದ್ದು ನನಗೆ ತಾನಾಗೇ ಕಾಣುತ್ತೆ. ಹೇಳೋಣ ಅಂತ ಎರಡು ಸಲ ಬಾಯಿ ತೆಗೆದೆ. ‘ನೀನು ಹೊಲೀತಾ ಇರು’ ಅಂದ್ರಿ.”

ನನ್ನಾಕೆಯ ಬಾಣ ಆಗ ಬಂತು, ಮೆಲ್ಲಗೆ: “ಅಲ್ಲಾರೀ, ಗೇಟು ಮಾಡೋರು ನೀವಲ್ವಾ?”

ಹೌದು, ನಾನೇ. ಊರಿನ ಅರ್ಧ ಗೇಟು ನಾನು ಕೂರಿಸಿದ್ದು. ಬೀದಿಯಲ್ಲಿ ಹೋಗುವಾಗ ಯಾರದಾದರೂ ಗೇಟು ಕಿರ್ ಅಂದರೆ ಎಣ್ಣೆ ಹಾಕಿಸಿ ಅಂತ ಬೈದು ಹೋಗುವವನು. ಕತ್ತಿ ಕೈಗೆ ಬಂದ ಮೇಲೆ ತಲೆಯ ಮೇಲಿನ ಗೇಟು ಕಾಣಲಿಲ್ಲ.

ಅವಳ ಪಾತ್ರ ಉಳಿಯಿತು. ಹಸಿರು ಅಂಗಿ ಈಗಲೂ ಆ ಪೆಟ್ಟಿಗೆಯಲ್ಲಿದೆ, ಆಗಾಗ ತೆರೆದು ನೋಡುತ್ತಾಳೆ.

ಮುಂದಿನ ಭಾನುವಾರ ಹೊಸ ಆಟಕ್ಕೆ ಕೂತೆವು. ನನ್ನ ಮಾತಿನ ಪ್ರಕಾರ ನಾನು ದುರಸ್ತಿಯವನನ್ನು ಕಟ್ಟಿದೆ, ಅವಳು ಕತ್ತಿಯವಳನ್ನು. ಮೊದಲ ಲೆವೆಲ್ಲಿನ ಎರಡು ಪಾಯಿಂಟ್ ಬಂತು. ಕೈಗೆಲಸದ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಕುತ್ತಿಗೆ ನೋವು ಅಂತ ಎದ್ದುಬಂದೆ. ಆಮೇಲೆ ಒಂದು ಶಾಲೆಯ ದೊಡ್ಡ ಗೇಟಿನ ಕೆಲಸ, ಆಮೇಲೆ ಕಣ್ಣುರಿ, ಆಮೇಲೆ ಇನ್ನೇನೋ. ನೀನು ಬೇಕಂತ ಕೊಂದದ್ದು ತಪ್ಪು ಅಂತ ಮೊದಲು ಒಪ್ಪಿಕೋ, ಆಮೇಲೆ ಆಡುತ್ತೇನೆ ಅಂದೆ. ಮೊದಲು ಆಡಿ, ಆಮೇಲೆ ಒಪ್ಪುತ್ತೇನೆ ಅಂದಳು. ಬೇರೆ ಆಟಗಳು ಆಡಿದೆವು, ಅದನ್ನು ಮಾತ್ರ ತೆರೆದಿಲ್ಲ.

ವೆಲ್ಡಿಂಗ್ ಕಿಡಿ ಹಾರಿ ನನ್ನ ಅಂಗಿಗಳ ತುಂಬ ತೂತು. ತಿಂಗಳಿಗೊಮ್ಮೆ ನನ್ನಾಕೆ ಅವನ್ನು ಗಂಟು ಕಟ್ಟಿ ತಂಗಿಗೆ ಕೊಡುತ್ತಾಳೆ. ವಾಪಸ್ ಬಂದಾಗ ಬೆಳಕಿಗೆ ಹಿಡಿದು ಹುಡುಕುತ್ತೇನೆ, ತೂತು ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಹೋದ ವಾರ ನಾನೇ ತರಲು ಹೋಗಿದ್ದೆ. ಭೂತಗನ್ನಡಿ ಹಣೆಗೆ ಏರಿಸಿ ಅಂಗಿ ಕೈಗಿತ್ತಳು.

“ಭಾವ, ನನ್ನ ಕತ್ತಿ ಎರಡು ವರ್ಷದಿಂದ ಒಂದನೇ ಲೆವೆಲ್ಲಲ್ಲೇ ಇದೆ.”

“ಭಾನುವಾರ ನೋಡೋಣ,” ಅಂದೆ.

ಭಾನುವಾರ ನಿನ್ನೆ ಬಂದು ಹೋಯಿತು, ಆ ಆಟ ತೆರೆಯಲಿಲ್ಲ. ಅವಳು ರಫು ಮಾಡಿದ ಅಂಗಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.