ಒಂದು ಕಾರ್ಡು, ಎರಡು ಮನೆ

ಅಮೆರಿಕದ ಈರಿ ಪಟ್ಟಣದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ ಮಾರ್ಲಿಸ್ ಕುಬಿಯಾಕ್‌ಗೆ ಶನಿವಾರ ಬೆಳಗ್ಗೆ ಎಂದರೆ ಹೆದ್ದಾರಿ ಪಕ್ಕದ ಸಗಟು ಅಂಗಡಿ. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿ ಕಾರ್ಡು ಪಡೆದವರಿಗೆ ಮಾತ್ರ ಅಲ್ಲಿ ವ್ಯಾಪಾರ; ಎಲ್ಲವೂ ದೊಡ್ಡ ದೊಡ್ಡ ಕಟ್ಟಿನಲ್ಲೇ, ಅಗ್ಗದ ಬೆಲೆಗೆ. ಮೂವರು ಗಂಡುಮಕ್ಕಳು ಬೆಳೆಯುತ್ತಿದ್ದ ಕಾಲದಲ್ಲಿ ಆ ಹಣ ದಂಡವೋ ಲಾಭವೋ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮೂಟೆಯಷ್ಟು ಬ್ರೆಡ್ಡು ಬಂದರೂ ವಾರದ ನಡುವೆ ಹುಡುಗರು ಅಡುಗೆಮನೆಯಲ್ಲಿ ಮತ್ತೆ ಕಪಾಟು ತಡಕುತ್ತಿದ್ದರು.

ಮಕ್ಕಳು ಒಬ್ಬೊಬ್ಬರಾಗಿ ಮನೆ ಬಿಟ್ಟರು. ಅಂಗಡಿಯಲ್ಲಿ ಮಾರ್ಲಿಸ್ ತಳ್ಳುವ ಗಾಡಿ ಮಾತ್ರ ಮೊದಲಿನಂತೆಯೇ ತುಂಬುತ್ತಿತ್ತು. ಚೀಸಿನ ಗಟ್ಟಿ ಬೂಸ್ಟು ಹಿಡಿಯಿತು, ಎಣ್ಣೆ ಕಮಟಿತು, ನೆಲಮಾಳಿಗೆಯ ಫ್ರೀಜರಿನ ತಳದಲ್ಲಿ ಏನಿದೆ ಎಂಬುದು ಅವಳಿಗೇ ಮರೆತುಹೋಯಿತು. ಅವಳ ಗಂಡ ವರ್ನನ್ ರೈಲು ಎಂಜಿನ್ ಕಾರ್ಖಾನೆಯಿಂದ ನಿವೃತ್ತನಾಗಿ ಮನೆಯಲ್ಲೇ ಇರುತ್ತಿದ್ದ. ತಾರೀಖು ಮೀರಿದ್ದನ್ನೆಲ್ಲ ಆರಿಸಿ ತಂದು ರಾತ್ರಿ ಊಟದ ಮೇಜಿನ ಮೇಲೆ ಇಡುವುದು ಅವನ ಕೆಲಸವಾಯಿತು.

"ನೀನು ಉಳಿಸ್ತಾ ಇರು, ನಾನು ಎಸೀತಾ ಇರ್ತೀನಿ," ಎನ್ನುತ್ತಿದ್ದ.

ಜಗಳ ಅಲ್ಲಿಗೇ ನಿಲ್ಲಲಿಲ್ಲ. ಅವನ ಮೌನ, ಅವಳ ಮೊಂಡುತನ, ಹಳೆಯದೆಲ್ಲ ಮೇಲೆದ್ದು ಬಂತು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಇಬ್ಬರೂ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ್ದರು. ಅಪ್ಪ ಅಮ್ಮ ಬೇರೆಯಾಗಿದ್ದು ಚೀಸಿನಿಂದ ಎಂದು ಮಕ್ಕಳು ಹೇಳಿಕೊಂಡು ನಗುತ್ತಿದ್ದರಂತೆ. ಮನೆ ಮಾರಿದರು. ಮಾರ್ಲಿಸ್ ಹದಿನೆಂಟನೇ ಬೀದಿಯಲ್ಲಿ ಮೇಲಂತಸ್ತಿನ ಎರಡು ಕೋಣೆ ಹಿಡಿದಳು. ವರ್ನನ್ ಸರೋವರದ ಕಡೆ ಒಂದು ಪುಟ್ಟ ಮನೆಗೆ ಹೋದ. ಹಂಚಿಕೊಳ್ಳುವಾಗ ಇಬ್ಬರೂ ಮರೆತಿದ್ದು ಒಂದೇ: ಅಂಗಡಿಯ ಸದಸ್ಯತ್ವ ಅವಳ ಹೆಸರಿನಲ್ಲಿತ್ತು, ಮನೆಯವರಿಗೆಂದು ಕೊಡುವ ಎರಡನೇ ಕಾರ್ಡು ಅವನ ಜೇಬಿನಲ್ಲೇ ಉಳಿದಿತ್ತು.

ಮುಂದಿನ ಬೇಸಿಗೆಯ ಒಂದು ಶನಿವಾರ ಮಾಂಸದ ಕಟ್ಟೆಯ ಹತ್ತಿರ ಇಬ್ಬರೂ ಎದುರುಬದುರಾದರು. ಮಾರ್ಲಿಸ್ ತೋಳುದ್ದದ ಹಂದಿಮಾಂಸದ ತುಂಡು ಎತ್ತಿಕೊಂಡು, ತನ್ನ ಮೊಣಕಾಲೆತ್ತರದ ಫ್ರಿಜ್ಜನ್ನು ನೆನೆದು, ಮತ್ತೆ ಕೆಳಗಿಡುತ್ತಿದ್ದಳು. ವರ್ನನ್ ಸ್ವಲ್ಪ ಹೊತ್ತು ನೋಡುತ್ತಾ ನಿಂತ.

"ಅರ್ಧ ನಂಗೆ ಕೊಡು," ಅಂದ. "ಟ್ರಕ್ಕಲ್ಲಿ ಚಾಕು ಇದೆ."

ಅವನ ಟ್ರಕ್ಕಿನ ಹಿಂಬಾಗಿಲು ಇಳಿಸಿ, ರಟ್ಟು ಹಾಸಿ, ಮಾಂಸ ಕೊಯ್ದು ಪಾಲು ಮಾಡಿಕೊಂಡರು. ಮುಂದಿನ ವಾರ ಮೊಟ್ಟೆಯ ತಟ್ಟೆ, ಆಮೇಲೆ ಕಾಫಿಪುಡಿ. ಕೊನೆಕೊನೆಗೆ ಇಬ್ಬರೂ ಒಂದೇ ಹೊತ್ತಿಗೆ ಬರತೊಡಗಿದರು. ಒಬ್ಬರಿಗೆ ಬೇಡದ್ದು ಗಾಡಿಗೆ ಬೀಳುತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಆಗದ ಉಳಿತಾಯ ಬೇರೆಯಾದ ಮೇಲೆ ಆಯಿತು. ಕಸದ ಡಬ್ಬಿಗೆ ಹೋಗುವುದು ನಿಂತುಹೋಯಿತು.

ಮಾರ್ಲಿಸಳ ಜೊತೆ ಬಸ್ಸು ಓಡಿಸುತ್ತಿದ್ದ ಟ್ರೂಡಿ ಇದನ್ನು ಕೇಳಿ, ಹಾಗಾದರೆ ಮತ್ತೆ ಮದುವೆಯಾಗಿಬಿಡಿ ಎಂದಳು.

"ಸುಮ್ನಿರೇ," ಅಂದಳು ಮಾರ್ಲಿಸ್. "ಮಾಂಸ ಹಂಚ್ಕೊಳ್ಳೋದು ಬೇರೆ, ಬಚ್ಚಲುಮನೆ ಹಂಚ್ಕೊಳ್ಳೋದು ಬೇರೆ."

ಹೀಗೆ ಕೆಲವು ವರ್ಷ ನಡೆಯಿತು. ಒಮ್ಮೆ ಕಾರ್ಡಿನ ಫೋಟೋ ಬದಲಾಯಿಸಲು ಇಬ್ಬರೂ ಕೌಂಟರಿನ ಮುಂದೆ ನಿಂತಾಗ, ಅಲ್ಲಿದ್ದ ಹುಡುಗಿ ಪರದೆ ನೋಡುತ್ತಲೇ, ಇಬ್ಬರೂ ಒಂದೇ ಮನೆಯಲ್ಲಿದ್ದೀರಿ ತಾನೇ ಎಂದು ಕೇಳಿದಳು. ವರ್ನನ್ ಹೂಂ ಎನ್ನಲು ಬಾಯಿ ತೆರೆದಿದ್ದ.

"ಇಲ್ಲಮ್ಮ," ಅಂದಳು ಮಾರ್ಲಿಸ್. "ನಾವು ಬೇರೆಯಾಗಿ ಬಹಳ ದಿನ ಆಯ್ತು."

ಹುಡುಗಿ ಪೇಚಿಗೆ ಬಿದ್ದಳು. ನಿಯಮದ ಪ್ರಕಾರ ಅವನು ಪ್ರತ್ಯೇಕ ಸದಸ್ಯನಾಗಬೇಕಿತ್ತು. ಎರಡೆರಡು ಶುಲ್ಕ ಕಟ್ಟಿದರೆ ಮಿಗುವುದೇನೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ವರ್ನನ್ ತನ್ನ ಕಾರ್ಡು ತೆಗೆದು ಕೌಂಟರಿನ ಮೇಲಿಟ್ಟ. ಸದಸ್ಯರು ಜೊತೆಗೊಬ್ಬ ಅತಿಥಿಯನ್ನು ಕರೆತರಬಹುದಲ್ಲವೇ ಎಂದು ವಿಚಾರಿಸಿದ. ಕರೆತರಬಹುದಿತ್ತು.

ಹೊರಗೆ ಬಂದ ಮೇಲೆ ಅವನು, ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ರೇಗಿದ. ಆದರೂ ಮುಂದಿನ ಶನಿವಾರ ಬಾಗಿಲ ಬಳಿ ಅವಳಿಗಾಗಿ ಕಾಯುತ್ತಿದ್ದ.

ಮರುವರ್ಷ ಮಾರ್ಲಿಸಳ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಅವಳಿಲ್ಲದೆ ಅವನಿಗೆ ಆ ಅಂಗಡಿಯಲ್ಲಿ ವ್ಯಾಪಾರವಿಲ್ಲ. ಬೀದಿ ಮೂಲೆಯ ಅಂಗಡಿಯಿಂದ ಪುಟ್ಟ ಹಾಲಿನ ಪೊಟ್ಟಣ, ನಾಲ್ಕು ಬಾಳೆಹಣ್ಣು, ಒಂದು ಸಣ್ಣ ಬ್ರೆಡ್ಡು ತಂದು, ಏದುಸಿರು ಬಿಡುತ್ತಾ ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಎಲ್ಲಕ್ಕೂ ಬೆಲೆ ಹೆಚ್ಚು. ಆದರೆ ಅವಳು ಚೇತರಿಸಿಕೊಂಡು ಲೆಕ್ಕ ಹಾಕಿ ನೋಡಿದಾಗ, ಆ ದಿನಗಳ ಖರ್ಚು ಮೊದಲಿಗಿಂತ ಅಂಥ ಹೆಚ್ಚೇನೂ ಆಗಿರಲಿಲ್ಲ. ಬೇಕಾದಷ್ಟೇ ತಂದಿದ್ದರಿಂದ, ಬೇಡದ್ದು ಕಣ್ಣಿಗೆ ಬೀಳದಿದ್ದರಿಂದ.

ಇದನ್ನು ಅವಳು ವರ್ನನ್‌ಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಗೆದ್ದವನಂತೆ ನಗಲಿಲ್ಲ. ಹಾಗಾದರೆ ಈ ಸಲ ಸದಸ್ಯತ್ವದ ಹಣ ಕಟ್ಟುವುದಿಲ್ಲವೇ ಎಂದಷ್ಟೇ ಕೇಳಿದ.

"ಆಗ್ಲೇ ಕಟ್ಟಿದೀನಿ," ಅಂದಳು. "ಶನಿವಾರ ನೀನು ಬರ್ತೀಯೋ ಇಲ್ವೋ, ಅಷ್ಟು ಹೇಳು."

ಶನಿವಾರ ಅವನು ಹೋದ. ಆ ದಿನ ಸೇಬಿನ ಚೀಲ ಬೇಕೇ ಬೇಡವೇ ಎಂದು ಅಂಗಡಿಯ ನಡುವೆ ಬಹಳ ಹೊತ್ತು ವಾದ ಮಾಡಿ, ಕೊನೆಗೆ ಬೇಡವೆಂದು ಮುಂದೆ ಸಾಗಿದರು.