ಕಂದಿಕೆರೆಯ ಐದು ಗಂಟೆಯ ಫೋನು

ನಾನು ಕೆಲಸ ಮಾಡುವ ಕೊಬ್ಬರಿ ಗೋದಾಮು ತಿಪಟೂರಿನ ಹೊರವಲಯದಲ್ಲಿದೆ. ಸುತ್ತಲ ಹಳ್ಳಿಗಳ ಖರೀದಿ ಕೇಂದ್ರಗಳಿಂದ ಸಂಜೆ ಲಾರಿ ಹೊರಡುವ ಮೊದಲು ಅಲ್ಲಿನವರು ತೂಕ, ತೇವಾಂಶ, ಗಾಡಿ ನಂಬರ್ ತಿಳಿಸಬೇಕು. ಅದು ಬಂದ ಮೇಲೆಯೇ ನಾವು ಇಲ್ಲಿ ಜಾಗ ಗೊತ್ತುಮಾಡುತ್ತೇವೆ. ಬೇರೆ ಕೇಂದ್ರದವರು ಮೆಸೇಜು ಹಾಕುತ್ತಿದ್ದರು. ಕಂದಿಕೆರೆ ಕೇಂದ್ರ ನೋಡಿಕೊಳ್ಳುವ ಅಕ್ಕ ಮಾತ್ರ ಫೋನ್ ಮಾಡುತ್ತಿದ್ದರು. ಅವರ ಮುಖವನ್ನು ನಾನಾಗಲಿ, ನನ್ನ ಮುಖವನ್ನು ಅವರಾಗಲಿ ನೋಡಿರಲಿಲ್ಲ. ವಾಟ್ಸಾಪಿನಲ್ಲಿದ್ದದ್ದು ಅವರ ಮೊಮ್ಮಗುವಿನ ಫೋಟೊ.

ಕರೆ ಬರುತ್ತಿದ್ದದ್ದು ಐದು ಗಂಟೆಯ ಸುಮಾರಿಗೆ. ಹಿಂದೆ ಚೀಲದಿಂದ ಉಂಡೆ ಕೊಬ್ಬರಿ ಸುರಿಯುವ ಸದ್ದು, ಮರದ ಚೆಂಡುಗಳು ಒಂದಕ್ಕೊಂದು ತಾಗಿದ ಹಾಗೆ. ಅದರ ಮೇಲೆ ಅವರ ದನಿ. ತೂಕ ಹೇಳುವರು, ತೇವಾಂಶ ಹೇಳುವರು, ನಾನು ಬರೆದುಕೊಂಡದ್ದನ್ನು ಇನ್ನೊಂದು ಸಲ ಓದಿಸುವರು. ಆಮೇಲೆ ಕೇಳುವರು, "ಇವತ್ತೇನೇ ಸಾರು?"

ನಮ್ಮ ಮನೆಯ ಯಜಮಾನರು ತೀರಿಕೊಂಡ ಮೇಲೆ ಶುರುವಾದ ಪ್ರಶ್ನೆ ಅದು. ಸಮಾಧಾನದ ಮಾತನ್ನು ಅವರು ಒಂದೂ ಆಡಲಿಲ್ಲ. ಸಾರು ಕೇಳಿದರು. ಒಬ್ಬಳಿಗಾಗಿ ಅಡುಗೆ ಮಾಡುವುದನ್ನು ನಾನು ಬಿಟ್ಟಿದ್ದೆ. ಸಂಜೆ ಏನಾದರೂ ಉತ್ತರ ಹೇಳಬೇಕಲ್ಲ ಎಂದು ಬೆಳಿಗ್ಗೆ ಬೇಳೆ ಬೇಯಿಸತೊಡಗಿದೆ.

"ಬಸ್ಸಾರು ಅಕ್ಕ."

"ಏನ್ ಹಾಕಿ ಬಸ್ದೆ?"

"ಹುರುಳಿಕಾಯಿ."

"ನೆನ್ನೆನೂ ಹುರುಳಿಕಾಯಿ ಅಂದಿದ್ದೆ. ಯಾಕೆ, ತಿಪಟೂರ್ ಸಂತೆಗೆ ಬ್ಯಾರೆ ತರಕಾರಿ ಬರಾಕಿಲ್ವಾ? ಸುಳ್ಳಾಡ್ಬ್ಯಾಡ ಕಣೇ, ಮೊಸರನ್ನ ತಿಂದೋಳ ದನಿ ನನಗೆ ಗೊತ್ತಾಯ್ತದೆ."

ಸುಳ್ಳು ಹೇಳಿದ್ದೆನೋ ಇಲ್ಲವೋ, ಮಾರನೆಯ ದಿನ ನಿಜವಾಗಿಯೂ ಮಾಡುತ್ತಿದ್ದೆ.

ಹೋದ ವರ್ಷ ತುಮಕೂರಿನಿಂದ ಸಾಫ್ಟ್‌ವೇರ್‌ನವರೊಬ್ಬರು ಬಂದು ನಮ್ಮ ಇಡೀ ಕೆಲಸದ ಚಿತ್ರವನ್ನು ಪರದೆಯ ಮೇಲೆ ಬರೆದರು. ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಮನುಷ್ಯರು ಮಾಡುವ ಕೆಲಸವಾದರೆ ಚೌಕದ ಮೂಲೆಯಲ್ಲಿ ತಲೆ ಮತ್ತು ಭುಜದ ಪುಟ್ಟ ಗುರುತು. ಯಂತ್ರ ತಾನೇ ಮಾಡುವುದಾದರೆ ಹಲ್ಲುಚಕ್ರದ ಗುರುತು. 'ಕೇಂದ್ರದಿಂದ ವಿವರ ಪಡೆಯುವುದು' ಎಂಬ ಚೌಕದಲ್ಲಿ ತಲೆ, ಭುಜ ಇದ್ದವು. ಅದು ನಾನು.

"ಇಲ್ಲಿ ಏನಾಗುತ್ತೆ ಮೇಡಂ?" ಎಂದು ಅವರು ಕೇಳಿದರು.

"ತೂಕ, ತೇವಾಂಶ, ಗಾಡಿ ನಂಬರ್ ಹೇಳ್ತಾರೆ. ಬರ್ಕೊತೀನಿ."

"ಇನ್ನೇನಾದ್ರೂ?"

"ಅಷ್ಟೇ."

ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಕಚೇರಿಗೆ ಬೇಕಾದದ್ದು ಅಷ್ಟೇ.

ಕಂದಿಕೆರೆಯ ತಕ್ಕಡಿ, ತೇವಾಂಶದ ಮೀಟರು ಎರಡೂ ಅಲ್ಲಿನ ಕಂಪ್ಯೂಟರಿಗೆ ಸೇರಿದ್ದವು. ಇನ್ನು ಮೇಲೆ ಲಾರಿ ಹೊರಡುವ ಹೊತ್ತಿಗೆ ನಮ್ಮ ಕಂಪ್ಯೂಟರು ಆ ಕಂಪ್ಯೂಟರನ್ನು ಕೇಳುತ್ತದೆ, ಅದು ಉತ್ತರ ಕೊಡುತ್ತದೆ. ಇದಕ್ಕೆ ವೆಬ್ ಸರ್ವಿಸ್ ಎನ್ನುತ್ತಾರೆ. ಅಲ್ಲಿನ ಯಾವ ಅಂಕಿ ಇಲ್ಲಿನ ಯಾವ ಜಾಗಕ್ಕೆ ಬಂದು ಕೂರಬೇಕೆಂದು ನಾನೇ ಪಕ್ಕದಲ್ಲಿ ಕುಳಿತು ಒಂದೊಂದಾಗಿ ತೋರಿಸಿದೆ. ಅವರು ಗುರುತು ಬದಲಿಸಿದರು. ತಲೆ, ಭುಜ ಹೋಗಿ ಹಲ್ಲುಚಕ್ರ ಬಂತು.

"ಉತ್ತರ ಬರದೇ ಹೋದ್ರೆ?" ಎಂದು ನಾನು ಕೇಳಿದೆ.

ಅವರು ಆ ಚೌಕದಿಂದ ಒಂದು ಅಡ್ಡ ಬಾಣ ಎಳೆದು ಇನ್ನೊಂದು ಚೌಕ ಬರೆದರು: 'ಕರೆ ಮಾಡಿ ಕೇಳುವುದು'. "ಇದನ್ನ ಯಾರಿಗೆ ಕೊಡ್ಲಿ? ಬರೋದೇ ಅಪರೂಪ."

"ನನಗೇ ಇರ್ಲಿ."

ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ. ಅವರು ತಿರುಗಿ ನೋಡಿದರು.

ಮಾರನೆಯ ವಾರದಿಂದ ಐದು ಗಂಟೆಗೆ ಉತ್ತರ ಬಂದು ಕಂದಿಕೆರೆಯ ಚೌಕ ಸದ್ದಿಲ್ಲದೆ ಹಸಿರಾಗುತ್ತಿತ್ತು. ಅಂಕಿಗಳಲ್ಲಿ ತಪ್ಪಿರುತ್ತಿರಲಿಲ್ಲ. ಇದನ್ನೂ ಹೇಳಬೇಕು. ಅಕ್ಕನ ನಂಬರ್ ತೆಗೆದು ನೋಡಿ ಎಷ್ಟೋ ಸಲ ಫೋನ್ ಕೆಳಗಿಟ್ಟೆ. ಲೋಡಿನ ವಿಷಯವಿಲ್ಲದೆ ಏನೆಂದು ಮಾತು ತೆಗೆಯುವುದು? ಅವರದು ತುಂಬಿದ ಮನೆ. ಅವರಿಂದಲೂ ಕರೆ ಬರಲಿಲ್ಲ. ನನ್ನ ಅಡುಗೆಮನೆಯಲ್ಲಿ ಅನ್ನ ಮೊಸರಿನ ಆಚೆಗೆ ಏನೂ ಆಗುತ್ತಿರಲಿಲ್ಲ. ಐದು ಗಂಟೆಗೆ ಪರದೆಯ ಮುಂದೆ ಕುಳಿತು, ಇವತ್ತಾದರೂ ಉತ್ತರ ಬಾರದಿರಲಿ ಎಂದು ಬಯಸುತ್ತಿದ್ದೆ. ಸಂಬಳ ಕೊಡುವವರ ಕೆಲಸ ಕೆಡಲೆಂದು ಬಯಸುವುದು ಒಳ್ಳೆಯದಲ್ಲ. ಆದರೂ ಬಯಸುತ್ತಿದ್ದೆ.

ಒಂದು ದಿನ ಗಾಳಿ ಜೋರಾಗಿತ್ತು. ಚೌಕ ಹಸಿರಾಗಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಪಾಲಿನ ಕೆಲಸವೆಂದು ಪರದೆಯ ಮೇಲೆ ಮೂಡಿತು: ಕರೆ ಮಾಡಿ ಕೇಳುವುದು. ನಂಬರ್ ಒತ್ತಿದೆ.

"ಅಯ್ಯೋ, ನೀನಾ! ಬದುಕಿದ್ದೀಯೇನೇ?"

"ನಿಮ್ ಕಂಪ್ಯೂಟ್ರು ಉತ್ತರ ಕೊಡ್ತಿಲ್ಲ ಅಕ್ಕ."

"ಅದೆಲ್ ಕೊಡ್ತದೆ, ಮರ ಬಿದ್ದು ನೆಟ್ಟಿನ ವೈರು ಕಿತ್ಕೊಂಡೈತೆ. ಕಟ್ಟೋರು ಕಂಬದ ಮೇಲವ್ರೆ. ಬರ್ಕೊ."

ತೂಕ ಹೇಳಿದರು, ತೇವಾಂಶ ಹೇಳಿದರು, ಓದಿಸಿದರು. ಆಮೇಲೆ ಸಾರು ಕೇಳಿದರು.

"ಏನೂ ಮಾಡಿಲ್ಲ ಅಕ್ಕ."

"ನೆನ್ನೆ?"

"ನೆನ್ನೆನೂ ಇಲ್ಲ."

ಅಷ್ಟರಲ್ಲಿ ನನ್ನ ಮುಂದಿನ ಚೌಕ ಹಸಿರಾಯಿತು. ನನ್ನ ಪಾಲಿನ ಕೆಲಸ ಪಟ್ಟಿಯಿಂದ ತಾನಾಗಿಯೇ ಅಳಿಸಿಹೋಯಿತು. ಅವರಿಗೂ ಅಲ್ಲಿ ಕಂಡಿರಬೇಕು.

"ಬಂತು ನೋಡು ನೆಟ್ಟು. ಇನ್ನ ಫೋನ್ ಇಡ್ಲೇನೇ?"

ಫೋನಿನಲ್ಲಿ ಕಾಣದೆಂಬುದನ್ನು ಮರೆತು ನಾನು ಬೇಡವೆಂದು ತಲೆಯಾಡಿಸಿದೆ.

"ಬಾಯಿ ಬುಟ್ಟು ಹೇಳು. ಬ್ಯಾಡ ಅಂದ್ರೆ ಇಡಾಕಿಲ್ಲ."

"ಬೇಡ" ಎಂದೆ.

"ಭಾನುವಾರ ಬಂದ್ಬುಡು ಹಂಗಾರೆ. ಬಸ್ ನಿಲ್ಲೋ ತಾವ ಬತ್ತೀನಿ."

ಭಾನುವಾರ ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಿ ಕಂದಿಕೆರೆಯಲ್ಲಿ ಇಳಿದೆ. ಬಸ್ಸು ಮುಂದೆ ಹೋಯಿತು. ಅಂಗಡಿಯ ನೆರಳಿನಲ್ಲಿ ಮೂವರು ಹೆಂಗಸರು ನಿಂತಿದ್ದರು. ಮೂವರೂ ಬಸ್ಸಿನಿಂದ ಇಳಿದವರ ಕಡೆ ನೋಡುತ್ತಿದ್ದರು. ಅವರಲ್ಲಿ ಅಕ್ಕ ಯಾರೆಂದು ನನಗೆ ಗೊತ್ತಿರಲಿಲ್ಲ. ಫೋನ್ ಮಾಡಿದ್ದರೆ ತಿಳಿಯುತ್ತಿತ್ತು. ಮಾಡಲಿಲ್ಲ. ದನಿ ಕೇಳಿದರೆ ನನಗೆ ಗುರುತು ಸಿಗುತ್ತದೆ, ಅವರಲ್ಲಿ ಒಬ್ಬರು ಮಾತಾಡಲಿ ಎಂದು ರಸ್ತೆಯ ಈಚೆ ಕಾಯುತ್ತ ನಿಂತೆ.